ವಿನಿಫ್ರೆಡ್ ಕಾರ್ನಿ ಯಾರ "ಕಾರ್ಯದರ್ಶಿ"?

ಲ್ಯಾಗನ್_ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು, ಬೆಲ್‌ಫಾಸ್ಟ್‌ನಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ನಡೆಯುವ ದಾರಿಯಲ್ಲಿ ಸಿಟಿ ಹಾಲ್ ಸಿಗುತ್ತದೆ. ಅದರ ಮುಂದೆ ವಿಕ್ಟೋರಿಯಾ ರಾಣಿಯ ದೊಡ್ಡ ಪ್ರತಿಮೆ. ರಾಣಿಯ ಪಾದದ ಕೆಳಗೆ, ಪೀಠದ ಮೇಲೆ, ನೂಲು ತೆಗೆಯುವ ಹೆಣ್ಣಿನ ಕಂಚಿನ ಮೂರ್ತಿಯೊಂದಿದೆ. ಈ ಊರು ಲಿನನ್ ಬಟ್ಟೆಯಿಂದ ಬದುಕಿತು ಅಂತ ತೋರಿಸಲು ಅದನ್ನು ಕೂರಿಸಿದ್ದಾರೆ. ಅವಳಿಗೆ ಹೆಸರಿಲ್ಲ.

2024ರ ಮಾರ್ಚ್ 8ರಂದು ಅದೇ ಆವರಣದಲ್ಲಿ ಹೆಸರಿರುವ ಇಬ್ಬರು ಹೆಂಗಸರ ಪ್ರತಿಮೆಗಳು ಬಂದವು. ಒಬ್ಬರು ಗುಲಾಮಗಿರಿಯ ವಿರುದ್ಧ ಜೀವನಪೂರ್ತಿ ಹೋರಾಡಿದ ಮೇರಿ ಆನ್ ಮೆಕ್‌ಕ್ರಾಕನ್. ಇನ್ನೊಬ್ಬರು ವಿನಿಫ್ರೆಡ್ ಕಾರ್ನಿ. ಜೊತೆ ಕೆಲಸ ಮಾಡುವ ಇಲ್ಲಿನವರೊಬ್ಬರನ್ನು "ಇವರು ಯಾರು?" ಅಂತ ಕೇಳಿದೆ. "ಕಾನಲಿಯ ಸೆಕ್ರೆಟರಿ. ಒಂದು ಕೈಲಿ ಟೈಪ್‌ರೈಟರ್, ಇನ್ನೊಂದು ಕೈಲಿ ಪಿಸ್ತೂಲು ಹಿಡಿದು ದಂಗೆಗೆ ಹೋದವರು" ಅಂದರು. ಕಾನಲಿ ಅಂದರೆ ಸಮಾಜವಾದಿ ಕಾರ್ಮಿಕ ನಾಯಕ ಜೇಮ್ಸ್ ಕಾನಲಿ; ದಂಗೆ ಅಂದರೆ 1916ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಡಬ್ಲಿನ್‌ನಲ್ಲಿ ಎದ್ದ ಈಸ್ಟರ್ ದಂಗೆ. ಆ ಮಾತು ತಲೆಯಲ್ಲೇ ಉಳಿದುಬಿಟ್ಟಿತು. ರಜೆ ಸಿಕ್ಕಾಗಲೆಲ್ಲ ಗ್ರಂಥಾಲಯಕ್ಕೆ ಹೋಗಿ ಓದಿದೆ. ಈಗ ನಮ್ಮ ಕನ್ನಡ ಬಳಗದ ಸಂಚಿಕೆಗೆ ಅವರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ, ಆದರೆ ಮೊದಲ ವಾಕ್ಯದಲ್ಲೇ ಸಿಕ್ಕಿಬಿದ್ದಿದ್ದೇನೆ. ಅದನ್ನು ಕೇಳುವ ಮೊದಲು ಅವರ ಕಥೆ ಹೇಳುತ್ತೇನೆ.

ಹುಟ್ಟಿದ್ದು 1887ರ ಡಿಸೆಂಬರ್ 4, ಬೆಲ್‌ಫಾಸ್ಟ್ ಹತ್ತಿರದ ಬ್ಯಾಂಗರ್ ಎಂಬ ಕಡಲ ಊರಿನಲ್ಲಿ. ಅಪ್ಪ ಪ್ರೊಟೆಸ್ಟಂಟ್, ಅಮ್ಮ ಕ್ಯಾಥೊಲಿಕ್. ಇಬ್ಬರೂ ಬೇರೆಯಾದ ಮೇಲೆ ಅಮ್ಮ ಫಾಲ್ಸ್ ರೋಡ್‌ನಲ್ಲಿ ಚಿಕ್ಕದೊಂದು ಮಿಠಾಯಿ ಅಂಗಡಿ ಇಟ್ಟು ಮಕ್ಕಳನ್ನು ಸಾಕಿದರು. ಮಗಳು ಓದಿದಳು, ಸ್ವಲ್ಪ ಕಾಲ ಪಾಠ ಹೇಳಿದಳು, ಆಮೇಲೆ ಶೀಘ್ರಲಿಪಿ ಮತ್ತು ಟೈಪಿಂಗ್ ಕಲಿತಳು. ಬೆಲ್‌ಫಾಸ್ಟ್‌ನಲ್ಲಿ ಆ ಅರ್ಹತೆ ಪಡೆದ ಮೊದಮೊದಲ ಹೆಂಗಸರಲ್ಲಿ ಒಬ್ಬರು. ಅಂದರೆ ಗಿರಣಿಗೆ ಹೋಗುವ ಅಗತ್ಯವೇ ಇರಲಿಲ್ಲ. ಮೈ ಒದ್ದೆಯಾಗದ, ಕಾಲಲ್ಲಿ ಬೂಟು ಇರುವ ಕೆಲಸ ಅವರ ಕೈಯಲ್ಲಿತ್ತು.

1912ರಲ್ಲಿ ಗೆಳತಿ ಮೇರಿ ಜಾನ್ಸನ್ ಬಿಟ್ಟ ಜಾಗಕ್ಕೆ ಬಂದು, ಐರಿಶ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ನಿನ ಕಾರ್ಯದರ್ಶಿಯಾದರು. ಆಗ ಅವರಿಗೆ 24 ವರ್ಷ. ಕಚೇರಿ ಯಾರ್ಕ್ ಸ್ಟ್ರೀಟ್‌ನಲ್ಲಿ. ಗಿರಣಿ ಹುಡುಗಿಯರ ಈ ಸಂಘವನ್ನು ಜೇಮ್ಸ್ ಕಾನಲಿ ಒಂದು ವರ್ಷದ ಹಿಂದಷ್ಟೇ ಕಟ್ಟಿದ್ದರು.

ಈಗ ನನ್ನ ತೊಡಕು. "ಸೆಕ್ರೆಟರಿ" ಅಂದರೆ ಎರಡು ಅರ್ಥ. ಸಂಘದ ಪದಾಧಿಕಾರಿಯೂ ಆಗಬಹುದು, ಸಾಹೇಬರು ಹೇಳಿದ್ದನ್ನು ಬರೆದುಕೊಳ್ಳುವವರೂ ಆಗಬಹುದು. ಇವರು ಎರಡೂ ಆಗಿದ್ದರು. ಆದರೆ ಎಲ್ಲರೂ ಹೇಳುವುದು ಎರಡನೆಯದನ್ನೇ. ಕನ್ನಡದಲ್ಲಿ ನಾನು "ಕಾನಲಿಯವರ ಆಪ್ತ ಕಾರ್ಯದರ್ಶಿ" ಅಂತ ಬರೆದರೆ ಒಂದು ಬದುಕು, "ಸಂಘದ ಕಾರ್ಯದರ್ಶಿ" ಅಂತ ಬರೆದರೆ ಇನ್ನೊಂದು ಬದುಕು ಕಾಣುತ್ತದೆ. ನೀವೆಲ್ಲ ಏನಂತೀರಿ?

ಮೈಸೂರು_ಮೇಷ್ಟ್ರು

ಒಳ್ಳೆಯ ವಿಷಯ ಎತ್ತಿದ್ದೀರಿ ತಾಯಿ. ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ಇದಕ್ಕೊಂದು ಹಿನ್ನೆಲೆ ಸೇರಿಸುತ್ತೇನೆ.

ಕಾರ್ನಿ ಬರುವ ಮುಂಚೆ, 1911ರ ಅಕ್ಟೋಬರ್‌ನಲ್ಲಿ ಬೆಲ್‌ಫಾಸ್ಟ್ ಗಿರಣಿಗಳಲ್ಲಿ ಒಂದು ಮುಷ್ಕರ ನಡೆಯಿತು. ಮಾಲೀಕರು ಉತ್ಪಾದನೆ ಕಡಿತ ಮಾಡಿದರು, ಕೆಲಸದ ವೇಗ ಹೆಚ್ಚಿಸಿದರು, ಜೊತೆಗೆ ಹೊಸ ಶಿಸ್ತಿನ ನಿಯಮ ತಂದರು. ಕೆಲಸದ ಹೊತ್ತಲ್ಲಿ ಹಾಡಿದರೆ ದಂಡ, ನಕ್ಕರೆ ದಂಡ, ಪಕ್ಕದವಳ ಜೊತೆ ಪಿಸುಗುಟ್ಟಿದರೆ ದಂಡ, ತಲೆಗೂದಲು ಸರಿಮಾಡಿಕೊಂಡರೂ ದಂಡ. ಹುಡುಗಿಯರು ಹೊರಗೆ ಬಂದರು. ಸಂಘದ ಬಳಿ ಮುಷ್ಕರ ಎಳೆಯುವಷ್ಟು ದುಡ್ಡಿಲ್ಲ. ಸೋಲು ಖಚಿತ ಅನ್ನುವಾಗ ಕಾನಲಿ ಒಂದು ಉಪಾಯ ಹೇಳಿಕೊಟ್ಟರು: ಕೆಲಸಕ್ಕೆ ವಾಪಸ್ ಹೋಗಿ, ಆದರೆ ಒಬ್ಬೊಬ್ಬರಾಗಿ ಹೋಗಬೇಡಿ. ಹಾಡಿದ್ದಕ್ಕೆ ಒಬ್ಬಳನ್ನು ಗದರಿಸಿದರೆ ಎಲ್ಲರೂ ಒಟ್ಟಿಗೆ ಹಾಡಿ. ನಕ್ಕಿದ್ದಕ್ಕೆ ಒಬ್ಬಳನ್ನು ಹೊರಗೆ ಹಾಕಿದರೆ ಎಲ್ಲರೂ ಒಟ್ಟಿಗೆ ಎದ್ದು ಹೊರಗೆ ಬನ್ನಿ. ಹುಡುಗಿಯರು ಹಾಡುತ್ತಲೇ ಗೇಟಿನೊಳಗೆ ಹೋದರು. ಆ ನಿಯಮಗಳು ಕಾಗದದ ಮೇಲೆ ಉಳಿದವು, ಗಿರಣಿಯಲ್ಲಿ ನಡೆಯಲಿಲ್ಲ.

ಕಾರ್ನಿ ಕೈಗೆ ಬಂದದ್ದು ಈ ಸಂಘ. ಇನ್ನೂ ಒಂದು ಸಂಗತಿ ಮರೆಯಬಾರದು. ಊರಿನಲ್ಲಿ ಇದೊಂದೇ ಮಹಿಳಾ ಸಂಘವಲ್ಲ. ಮೇರಿ ಗಾಲ್ವೇ ಎಂಬವರು ಅದಕ್ಕಿಂತ ಎಷ್ಟೋ ಮೊದಲಿನಿಂದ ಜವಳಿ ಕಾರ್ಮಿಕರ ಸಂಘ ನಡೆಸುತ್ತಿದ್ದರು. 1910ರಲ್ಲಿ ಐರಿಶ್ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಉಪಾಧ್ಯಕ್ಷೆಯಾದ ಮೊದಲ ಹೆಂಗಸು ಅವರೇ. ಕಾನಲಿ ಬಂದು ಪೈಪೋಟಿಗೆ ಇನ್ನೊಂದು ಸಂಘ ಕಟ್ಟಿದ್ದು ಅವರಿಗೆ ಸಹಿಸಲಾಗಲಿಲ್ಲ. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು ಅಂತ ನನಗನಿಸುತ್ತದೆ. ಇಪ್ಪತ್ತು ವರ್ಷದ ಹತ್ತಿರ ದುಡಿದವರನ್ನು ಪಕ್ಕಕ್ಕೆ ಸರಿಸಿ ಕಥೆ ಹೇಳುವುದು ಇಂದಿಗೂ ನಡೆದೇ ಇದೆ.

ಹಳೇ_ಸ್ಟೆನೋ

ತಂಗಿ, ನಾ ಧಾರವಾಡದಾಕಿ. ಕೋರ್ಟಿನ್ಯಾಗ ಮೂವತ್ತೆರಡು ವರ್ಷ ಸ್ಟೆನೋ ಆಗಿ ದುಡದು ರಿಟೈರ್ ಆಗೀನಿ. ನಿನ್ನ ಪ್ರಶ್ನೆ ಓದಿ ಸುಮ್ಮನಿರಾಕ ಆಗಲಿಲ್ಲ.

"ಟೈಪ್‌ರೈಟರ್ ಹಿಡಕೊಂಡು ಹೋದ್ಲು" ಅಂತ ಮಂದಿ ಹಗುರಾಗಿ ಹೇಳತಾರ. ಆ ಯಂತ್ರ ಎಷ್ಟು ಭಾರ ಇರತದ ಗೊತ್ತೇನು? ನಮ್ಮ ಆಫೀಸಿನ ಮಷೀನ್ ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಎತ್ತಿಡಬೇಕಂದ್ರ ನಾವು ಪಟ್ಟೇವಾಲಾನ್ನ ಕರೀತಿದ್ವಿ. ಎತ್ತುಮುಂದ ಕ್ಯಾರೇಜ್ ಒಂದು ಕಡೆ ಜಾರಿ ಕೈಬೆರಳು ಸಿಗಹಾಕ್ಕೋತದ. ಆಕಿ ಅದನ್ನ ಹೊತ್ತು, ಮಂದಿ ಬಂದೂಕು ಹಿಡದು ಮೆರವಣಿಗಿ ಹೊಂಟಾಗ ಅವರ ಜೋಡಿ ನಡದಾಳ.

ಮ್ಯಾಲೆ ಡಿಕ್ಟೇಶನ್ ಅಂದ್ರ ಏನು ಅನ್ನೂದು ಬರಕೊಂಡವರಿಗಷ್ಟ ಗೊತ್ತು. ಹೇಳಾವ ಅತ್ತ ಇತ್ತ ಅಡ್ಡಾಡಬಹುದು, ಕಿಟಕಿ ಕಡೆ ನೋಡಬಹುದು. ಬರಕೊಳ್ಳಾಕಿ ತಲೀ ತಗ್ಗಿಸಿ ಕುಂತಲ್ಲೇ ಕುಂದರಬೇಕು. ಒಂದು ಶಬ್ದ ತಪ್ಪಿದ್ರ ಆರ್ಡರ್ ಬದಲಾಗತದ. ನಮ್ಮ ಕೋರ್ಟಿನ್ಯಾಗ ಹೊರಗ ಮಳಿ ಹೊಡದು ತಗಡಿನ ಸಪ್ಪಳಕ್ಕ ಸಾಹೇಬ್ರ ಮಾತು ಕೇಳದಂಗ ಆದ್ರೂ ನನ್ನ ಕೈ ನಡಗತಿತ್ತು. ಅಲ್ಲಿ ತೋಪಿನ ಗುಂಡು ಬೀಳತಿದ್ವು.

ಮತ್ತ ಒಂದು ಮಾತು. ಡ್ರಾಫ್ಟ್ ನಾ ತಿದ್ದತಿದ್ದೆ, ವಾಕ್ಯ ನಾ ಕೂಡಸ್ತಿದ್ದೆ, ಸಹಿ ಸಾಹೇಬ್ರದು. ಮೂವತ್ತೆರಡು ವರ್ಷದ ಕಾಗದದಾಗ ನನ್ನ ಹೆಸರು ಇರೂದು ಕೆಳಗ ಎಡಗಡೆ ಮೂಲ್ಯಾಗ ಎರಡು ಸಣ್ಣ ಅಕ್ಷರ. ಅದಕ್ಕ ಹೇಳತೀನಿ, "ಆಪ್ತ ಕಾರ್ಯದರ್ಶಿ" ಅಂತ ಬರದ್ರ ಆ ಹೆಣ್ಣುಮಗಳ ಹೆಸರು ಮತ್ತ ಮೂಲ್ಯಾಗ ಹೋಗಿ ಕುಂದರತದ. ಬರೀಬ್ಯಾಡ.

ಓದುಗಿ_ತುಮಕೂರು

ಅಕ್ಕ, ನಾನು ಎಂ.ಎ. ಓದುತ್ತಿದ್ದೇನೆ. ಈ ದಂಗೆಯ ಕಥೆ ಪೂರ್ತಿ ಗೊತ್ತಿಲ್ಲ. ಪೋಸ್ಟ್ ಆಫೀಸ್ ಹಿಡಿದುಕೊಂಡರು ಅಂತ ಮಾತ್ರ ಓದಿದ್ದೇನೆ. ಕಾರ್ನಿ ಅಲ್ಲಿ ಏನು ಮಾಡಿದರು, ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಲ್ಯಾಗನ್_ದಂಡೆ

ಹೇಳುತ್ತೇನೆ ಪುಟ್ಟಿ. ಹಳೇ ಸ್ಟೆನೋ ಅಕ್ಕಾ, ನಿಮ್ಮ ಮಾತು ಓದಿ ಕಣ್ಣು ತುಂಬಿ ಬಂತು. ಇದನ್ನು ನಿಮ್ಮ ಮುಂದೆ ಕೂತು ಹೇಳುತ್ತಿದ್ದೇನೆ ಅಂದುಕೊಂಡೇ ಬರೆಯುತ್ತಿದ್ದೇನೆ.

1916ರ ಏಪ್ರಿಲ್ 14ರಂದು ಕಾನಲಿ ಡಬ್ಲಿನ್‌ನಿಂದ ತಂತಿ ಕಳಿಸಿದರು, ಬಾ ಅಂತ. ಕಾರ್ನಿ ರೈಲು ಹತ್ತಿದರು. ಹತ್ತು ದಿನ ಲಿಬರ್ಟಿ ಹಾಲ್‌ನಲ್ಲಿ, ಅದು ಸಾರಿಗೆ ಕಾರ್ಮಿಕರ ಸಂಘದ ಕಟ್ಟಡ, ಆದೇಶಗಳನ್ನು ಟೈಪ್ ಮಾಡುತ್ತಾ ಕೂತರು. ಏಪ್ರಿಲ್ 24, ಈಸ್ಟರ್ ಸೋಮವಾರ ಮಧ್ಯಾಹ್ನ ಜನರಲ್ ಪೋಸ್ಟ್ ಆಫೀಸಿಗೆ ನುಗ್ಗಿದ ಮೊದಲ ಗುಂಪಿನಲ್ಲಿ ಇದ್ದ ಹೆಂಗಸು ಅವರೊಬ್ಬರೇ. ಟೈಪ್‌ರೈಟರ್ ಜೊತೆ ಒಂದು ವೆಬ್ಲಿ ರಿವಾಲ್ವರ್. ಅದು ತೋರಿಕೆಗೆ ಹಿಡಿದದ್ದಲ್ಲ. ಕುಮನ್ ನ ಮನ್ ಎಂಬ ಮಹಿಳಾ ದಳ ಸೇರಿ, ಗುರಿ ಇಟ್ಟು ಹೊಡೆಯುವುದರಲ್ಲಿ ಪಳಗಿದ್ದರು.

ಗುರುವಾರ ಕಾನಲಿಯವರ ಪಾದದ ಗಂಟಿಗೆ ಗುಂಡು ಬಿದ್ದು ಮೂಳೆ ಪುಡಿಯಾಯಿತು. ನಾನು ಮೂಳೆ ವಾರ್ಡಿನಲ್ಲಿ ಕೆಲಸ ಮಾಡಿದವಳು. ಗಂಟಿನ ಹತ್ತಿರ ಮೂಳೆ ಚೂರಾದರೆ ಎಂಥ ನೋವು ಅಂತ ಕಣ್ಣಾರೆ ಕಂಡಿದ್ದೇನೆ. ಹಾಸಿಗೆಯ ಚಾದರ ಅಲುಗಿದರೂ ರೋಗಿ ಕಿರುಚುತ್ತಾರೆ. ಆ ಸ್ಥಿತಿಯಲ್ಲಿ ಅವರನ್ನು ಮಂಚದ ಮೇಲೆ ಮಲಗಿಸಿ, ಅವರು ಹೇಳುತ್ತಾ ಹೋದದ್ದನ್ನು ಕಾರ್ನಿ ಪಕ್ಕದಲ್ಲಿ ಕೂತು ಬರೆದುಕೊಂಡರು. ಶುಕ್ರವಾರ ಹೇಳಿಸಿ ಬರೆಸಿದ ಕೊನೆಯ ಸಂದೇಶದಲ್ಲಿ, ಎಲ್ಲೆಡೆ ತಮ್ಮ ಜೊತೆ ನಿಂತ ಹೆಂಗಸರನ್ನು ಮರೆಯಬೇಡಿ ಎಂಬ ಮಾತಿದೆ. ಅದನ್ನು ಟೈಪ್ ಮಾಡಿದ ಬೆರಳುಗಳು ಕಾರ್ನಿಯವು.

ಅದೇ ದಿನ ಕಟ್ಟಡಕ್ಕೆ ಬೆಂಕಿ ಹತ್ತಿತ್ತು. ದಂಗೆಯ ಮುಖಂಡ ಪ್ಯಾಟ್ರಿಕ್ ಪಿಯರ್ಸ್ ಹೆಂಗಸರೆಲ್ಲ ಹೊರಡಬೇಕು ಅಂತ ಆಜ್ಞೆ ಕೊಟ್ಟರು. ಕಾರ್ನಿ, ಎಲಿಜಬೆತ್ ಓ'ಫ್ಯಾರೆಲ್, ಜೂಲಿಯಾ ಗ್ರೆನನ್, ಈ ಮೂವರು ಹೋಗಲಿಲ್ಲ. ರಾತ್ರಿ ಉರಿಯುವ ಕಟ್ಟಡ ಬಿಟ್ಟು, ಮೂರ್ ಸ್ಟ್ರೀಟ್‌ನ ಸಾಲುಮನೆಗಳ ಗೋಡೆ ಒಂದೊಂದೇ ಒಡೆದು ದಾರಿ ಮಾಡಿಕೊಂಡು 16ನೇ ನಂಬರಿನ ಮನೆಗೆ ಬಂದರು. ಶನಿವಾರ ಓ'ಫ್ಯಾರೆಲ್ ಬಿಳಿ ಬಾವುಟ ಹಿಡಿದು ಬೀದಿಗಿಳಿದು ಶರಣಾಗತಿಯ ಮಾತು ತೆಗೆದುಕೊಂಡು ಹೋದರು.

ಆಮೇಲೆ ಜೈಲು. ಡಬ್ಲಿನ್‌ನ ಕಿಲ್ಮೇನಮ್ ಜೈಲಿನಲ್ಲಿದ್ದ ಹೆಂಗಸರಿಗೆ ಮೇ ಮೊದಲ ವಾರ ಬೆಳಗಿನ ಜಾವ ಗುಂಡು ಹಾರುವ ಸದ್ದು ಕೇಳುತ್ತಿತ್ತು. ಒಂದೊಂದು ಸದ್ದಿಗೂ ಒಂದು ಹೆಸರು. ಕಾನಲಿಯವರನ್ನು ಮೇ 12ರಂದು ಕುರ್ಚಿಗೆ ಕಟ್ಟಿ ಗುಂಡಿಟ್ಟು ಕೊಂದರು, ಏಕೆಂದರೆ ಗಾಯದಿಂದ ಅವರಿಗೆ ನಿಲ್ಲಲು ಆಗುತ್ತಿರಲಿಲ್ಲ. ಕಾರ್ನಿಯವರನ್ನು ಇಂಗ್ಲೆಂಡಿನ ಏಲ್ಸ್‌ಬರಿ ಜೈಲಿಗೆ ಸಾಗಿಸಿದರು. ಬಿಡುಗಡೆಯಾದದ್ದು 1916ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ದಿನ.

ಕಡಲತಡಿ_ಕಾಮ್ರೇಡ್

ಮಂಗಳೂರಿನವನು. ಬೀಡಿ ಕಾರ್ಮಿಕರ ಸಂಘದಲ್ಲಿ ವಯಸ್ಸು ಸವೆಸಿದವನು. ಒಂದು ಭಿನ್ನಾಭಿಪ್ರಾಯ ಇಡುತ್ತೇನೆ, ಯಾರೂ ಬೇಸರ ಮಾಡಬೇಡಿ.

ಇಷ್ಟು ಹೊತ್ತು ನಾವು ಹೇಳಿದ್ದು ಆರು ದಿನದ ಕಥೆ. ಪಿಸ್ತೂಲು, ಬೆಂಕಿ, ಶರಣಾಗತಿ. ಪ್ರತಿಮೆ ಬಂದದ್ದೂ ಅದಕ್ಕೇ ಇರಬೇಕು. ಆದರೆ ಬೆಲ್‌ಫಾಸ್ಟ್ ಗಿರಣಿಯ ಸಾವಿರಾರು ಹೆಂಗಸರಲ್ಲಿ ಹೆಚ್ಚಿನವರು ಪ್ರೊಟೆಸ್ಟಂಟರು, ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಕಡೆಯವರು. ಡಬ್ಲಿನ್ ದಂಗೆ ಅವರ ಕಣ್ಣಿಗೆ ದ್ರೋಹ. ಸಂಘದ ಕಾರ್ಯದರ್ಶಿ ದಂಗೆಗೆ ಹೋದಮೇಲೆ ಆ ಹೆಂಗಸರು ಸಂಘದ ಬಾಗಿಲಿಗೆ ಬರುತ್ತಾರೆಯೇ? ನನ್ನ ಅನುಭವ ಹೇಳುತ್ತದೆ, ಸದಸ್ಯರು ಜಾತಿ ಧರ್ಮದಲ್ಲಿ ಒಡೆದಿರುವಾಗ ಮುಂದಾಳು ಒಂದು ಬಾವುಟದ ಕೆಳಗೆ ನಿಂತರೆ ಅರ್ಧ ಮನೆಗಳ ಬಾಗಿಲು ಮುಚ್ಚಿಹೋಗುತ್ತದೆ. ವಂತಿಗೆ ಎತ್ತಲು ಹೋದವನಿಗೆ ಮಾತ್ರ ಅದು ಗೊತ್ತು. ಅವರ ಧೈರ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ಸಂಘಕ್ಕೆ ಒಳ್ಳೆಯದಾಯಿತೇ ಎಂಬುದೇ ನನ್ನ ಪ್ರಶ್ನೆ.

ಮೈಸೂರು_ಮೇಷ್ಟ್ರು

ಕಾಮ್ರೇಡ್ ಹೇಳಿದ್ದರಲ್ಲಿ ತೂಕ ಇದೆ. ಆದರೆ ಬಾಗಿಲು ಮುಚ್ಚಿದ್ದು 1916ರಲ್ಲಿ ಅಲ್ಲ, ಅದಕ್ಕೂ ಮೊದಲು. 1912ರ ಜುಲೈನಲ್ಲೇ ಬೆಲ್‌ಫಾಸ್ಟ್ ಹಡಗುಕಟ್ಟೆಗಳಿಂದ ಕ್ಯಾಥೊಲಿಕ್ ಕೆಲಸಗಾರರನ್ನು ಹೊಡೆದು ಓಡಿಸಿದರು. ಅವರ ಪರ ನಿಂತ ಪ್ರೊಟೆಸ್ಟಂಟ್ ಸಂಘಜೀವಿಗಳನ್ನೂ ಬಿಡಲಿಲ್ಲ. ಕಾರ್ನಿ ಕಾರ್ಯದರ್ಶಿಯಾದದ್ದು ಅದೇ ವರ್ಷ. ಎರಡೂ ಕಡೆಯ ಹುಡುಗಿಯರನ್ನು ಒಂದೇ ಕೋಣೆಯಲ್ಲಿ ಕೂರಿಸುವುದೇ ದೊಡ್ಡ ಸಾಹಸವಾಗಿದ್ದ ಊರದು.

ಸಂಘ ಚಿಕ್ಕದಾಗಿಯೇ ಉಳಿಯಿತು, ನಿಜ. ಮೇರಿ ಗಾಲ್ವೇ ಅವರ ಸಂಘವೇ ದೊಡ್ಡದು.

ಲ್ಯಾಗನ್_ದಂಡೆ

ಕಾಮ್ರೇಡ್ ಸರ್, ನಿಮ್ಮ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು. ಉತ್ತರ ನನಗೆ ಲೆಕ್ಕದಲ್ಲಿ ಸಿಕ್ಕಿತು. ದಂಗೆ ಆರು ದಿನ. ಸಂಘದ ಕೆಲಸ 1912ರಿಂದ 1928ರವರೆಗೆ, ನಡುವೆ ಜೈಲು ಬಿಟ್ಟರೆ ಹದಿನಾರು ವರ್ಷ. ಜೈಲಿನಿಂದ ಬಂದಮೇಲೆ ಅವರು ಡಬ್ಲಿನ್‌ನಲ್ಲಿ ನಾಯಕಿಯಾಗಿ ಉಳಿಯಬಹುದಿತ್ತು. ವಾಪಸ್ ಬೆಲ್‌ಫಾಸ್ಟ್‌ಗೆ ಬಂದು ಸಾರಿಗೆ ಮತ್ತು ಸಾಮಾನ್ಯ ಕಾರ್ಮಿಕರ ಸಂಘದ ಕಚೇರಿಯಲ್ಲಿ ಕೂತರು. ತಮ್ಮನ್ನು ದ್ರೋಹಿ ಅನ್ನುವ ಊರಿಗೇ ಬಂದರು.

ಆ ಕೆಲಸ ಏನು ಅಂತ ಹೇಳದೆ ಹೋದರೆ ಈ ಹದಿನಾರು ವರ್ಷಕ್ಕೆ ಅರ್ಥವಿಲ್ಲ. ಹಾಗಾಗಿ ಸ್ವಲ್ಪ ಗಿರಣಿಯೊಳಗೆ ಹೋಗೋಣ.

ಅಗಸೆ ನಾರಿನಲ್ಲಿ ಅಂಟು ಇರುತ್ತದೆ. ಸಣ್ಣ ಎಳೆ ಬರಬೇಕಾದರೆ ಅದನ್ನು ಬಿಸಿನೀರಿನ ತೊಟ್ಟಿಯಲ್ಲಿ ಹಾಯಿಸಿ ನೂಲಬೇಕು. ನೂಲುವ ಕೋಣೆಯಲ್ಲಿ ಹಬೆ, ಕದಿರು ತಿರುಗುವಾಗ ಎರಚುವ ನೀರು, ನೆಲದ ಮೇಲೆ ಸದಾ ನೀರು. ಬೂಟು ಹಾಕಿದರೆ ಕೊಳೆಯುತ್ತದೆ, ಆದ್ದರಿಂದ ಹುಡುಗಿಯರು ಬರಿಗಾಲಲ್ಲಿ ನಿಲ್ಲುತ್ತಿದ್ದರು. ಬೆರಳ ಸಂದಿಯಲ್ಲಿ ಹುಣ್ಣು. ಸಂಜೆ ಆ ಬಿಸಿಯಿಂದ ನೇರ ಬೆಲ್‌ಫಾಸ್ಟ್‌ನ ಚಳಿಗಾಳಿಗೆ, ಒದ್ದೆ ಲಂಗದಲ್ಲೇ. ನಾರು ಬಾಚುವ ಒಣ ಕೋಣೆಗಳಲ್ಲಿ ಬೇರೆ ಸಂಕಟ, ದೂಳು. ಅದರಿಂದ ಬರುವ ಕಾಯಿಲೆಗೆ ಬಿಸಿನೋಸಿಸ್ ಅಂತ ಹೆಸರು. ಅದರ ಗುರುತು ನಾವು ಓದಿದ್ದು ಹೀಗೆ: ಭಾನುವಾರ ರಜೆ ಸಿಕ್ಕಾಗ ಉಸಿರು ಹಗುರಾಗುತ್ತದೆ, ಸೋಮವಾರ ಕೆಲಸಕ್ಕೆ ನಿಂತ ಕೂಡಲೇ ಎದೆ ಮತ್ತೆ ಬಿಗಿಯುತ್ತದೆ. ವರ್ಷಗಳು ಕಳೆದಂತೆ ಬಿಗಿತ ವಾರವಿಡೀ ಉಳಿಯುತ್ತದೆ. ಹನ್ನೆರಡು ವರ್ಷದ ಮಕ್ಕಳು "ಅರ್ಧ ಹೊತ್ತಿನವರು", ಒಂದು ದಿನ ಶಾಲೆ, ಒಂದು ದಿನ ಗಿರಣಿ.

ಈ ಹುಡುಗಿಯರು ಯಾರ್ಕ್ ಸ್ಟ್ರೀಟಿನ ಮೆಟ್ಟಿಲು ಹತ್ತಿ ಬರುತ್ತಿದ್ದರು. ಅದೇ ಹೊತ್ತಿಗೆ 1911ರ ರಾಷ್ಟ್ರೀಯ ವಿಮಾ ಕಾಯ್ದೆ ಜಾರಿಗೆ ಬಂದು, ಸಂಘಗಳ ಮೂಲಕವೂ ಕಾಯಿಲೆ ಭತ್ಯೆ ಕೊಡುವ ವ್ಯವಸ್ಥೆ ಶುರುವಾಗಿತ್ತು. ಅಂದರೆ ಪುಸ್ತಕ, ಚೀಟಿ, ಪೆನ್ನಿಯ ಲೆಕ್ಕ, ಪತ್ರ. ಜೊತೆಗೆ 1913ರಲ್ಲಿ ಡಬ್ಲಿನ್‌ನಲ್ಲಿ ಮಾಲೀಕರು ಬೀಗ ಜಡಿದು ಸಂಘದವರನ್ನು ಹೊರಹಾಕಿದಾಗ ಅವರ ಕುಟುಂಬಗಳಿಗೆ ಬೆಲ್‌ಫಾಸ್ಟ್‌ನಲ್ಲಿ ಹಣ ಎತ್ತಿದರು. ಅದೇ ವರ್ಷ ಬೆಲ್‌ಫಾಸ್ಟ್‌ನ ಲಿನನ್ ಗುಲಾಮರಿಗೆ ಅಂತ ಸಂಬೋಧಿಸಿ ಒಂದು ಕರೆಪತ್ರ ಹೊರಟಿತು. ಅದನ್ನು ಹೊರಡಿಸಿದ್ದು ಕಾನಲಿ ಒಬ್ಬರೇ ಅಲ್ಲ, ಕಾರ್ನಿಯೂ ಸೇರಿ.

ಸ್ಟೆನೋ ಅಕ್ಕಾ, ಇಲ್ಲಿ ಅವರ ಹೆಸರು ಮೂಲೆಯಲ್ಲಿಲ್ಲ.

ಹಳೇ_ಸ್ಟೆನೋ

ಹೌದವ್ವ. ಇದನ್ನ ಓದಿ ಸಮಾಧಾನ ಆತು. ಪೆನ್ನಿ ಲೆಕ್ಕ ಅಂದ್ಯಲ್ಲ, ಅದನ್ನ ಲೇಖನದಾಗ ಬಿಡಬ್ಯಾಡ. ಲೆಕ್ಕ ತಪ್ಪಿದ್ರ ಬಡವರ ಸಂಘ ಒಂದು ದಿನಾನೂ ನಿಲ್ಲೂದಿಲ್ಲ.

ಓದುಗಿ_ತುಮಕೂರು

1918ರ ಚುನಾವಣೆಯಲ್ಲಿ ಐರ್ಲೆಂಡಿನಲ್ಲಿ ನಿಂತ ಇಬ್ಬರೇ ಹೆಂಗಸರಲ್ಲಿ ಕಾರ್ನಿ ಒಬ್ಬರು ಅಂತ ಈಗ ಹುಡುಕಿದಾಗ ಓದಿದೆ. ಇನ್ನೊಬ್ಬರು ಕೌಂಟೆಸ್ ಮಾರ್ಕಿವಿಚ್, ಅವರು ಜೈಲಿನಲ್ಲಿದ್ದುಕೊಂಡೇ ಗೆದ್ದು ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆ. ಅವರ ಹೆಸರು ನಮ್ಮ ಪಠ್ಯದಲ್ಲೂ ಇದೆ. ಕಾರ್ನಿ ಹೆಸರು ಎಲ್ಲೂ ಕಾಣಲಿಲ್ಲ!

ಮೈಸೂರು_ಮೇಷ್ಟ್ರು

ಕಾರ್ನಿಗೆ ಕೊಟ್ಟ ಕ್ಷೇತ್ರ ಬೆಲ್‌ಫಾಸ್ಟ್ ವಿಕ್ಟೋರಿಯಾ. ಯೂನಿಯನಿಸ್ಟರ, ಅಂದರೆ ಬ್ರಿಟನ್ ಜೊತೆಗೇ ಇರಬೇಕು ಅನ್ನುವವರ ಕೋಟೆ. ಐರಿಶ್ ಸ್ವಾತಂತ್ರ್ಯ ಬೇಡುವ ಶಿನ್ ಫೇನ್ ಪಕ್ಷದಿಂದ ನಿಂತರೂ ಅವರು ಮಾತಾಡಿದ್ದು ಕಾನಲಿಯವರ ದುಡಿಯುವವರ ಗಣರಾಜ್ಯದ ಬಗ್ಗೆ. ಪಕ್ಷದಿಂದ ತಕ್ಕ ನೆರವು ಸಿಗಲಿಲ್ಲ ಅಂತ ಅವರೇ ಪತ್ರದಲ್ಲಿ ಬರೆದುಕೊಂಡಿದ್ದಾರೆ. ಬಿದ್ದ ಮತ ಬಹಳ ಕಡಿಮೆ. ಮತದಾನ ನಡೆದದ್ದು ಡಿಸೆಂಬರ್ 14ರಂದು. ಹತ್ತು ದಿನದ ಹಿಂದಷ್ಟೇ ಅವರಿಗೆ 31 ತುಂಬಿತ್ತು. ಆ ಚುನಾವಣೆಯಲ್ಲಿ ಹೆಂಗಸರು ಮತ ಹಾಕಬೇಕಾದರೆ 30 ದಾಟಿರಬೇಕಿತ್ತು, ಅದರ ಮೇಲೆ ಆಸ್ತಿಯ ಷರತ್ತೂ ಇತ್ತು. ಗಿರಣಿಯ ಹುಡುಗಿಯರಲ್ಲಿ ಬಹುಪಾಲು ಜನಕ್ಕೆ ಮತವೇ ಇರಲಿಲ್ಲ. ಯಾರಿಗಾಗಿ ನಿಂತರೋ ಅವರೇ ಮತಗಟ್ಟೆಗೆ ಬರುವ ಹಾಗಿರಲಿಲ್ಲ.

ಇದು ಕೇಳಿ ಇನ್ನೊಂದು ನೆನಪಾಯಿತು. ನಮ್ಮ ಕುವೆಂಪು ಮೊದಲು ಇಂಗ್ಲಿಷಿನಲ್ಲಿ ಕವನ ಬರೆದಿದ್ದು, ಮೈಸೂರಿಗೆ ಬಂದಿದ್ದ ಐರಿಶ್ ಕವಿ ಜೇಮ್ಸ್ ಕಸಿನ್ಸ್ ಅದನ್ನು ನೋಡಿ ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದದ್ದು ನಮಗೆಲ್ಲ ಗೊತ್ತು. ಆ ಕಸಿನ್ಸ್ ಅವರ ಪತ್ನಿ ಮಾರ್ಗರೆಟ್ ಕಸಿನ್ಸ್ 1908ರಲ್ಲಿ ಡಬ್ಲಿನ್‌ನಲ್ಲಿ ಹೆಂಗಸರ ಮತದ ಹಕ್ಕಿಗಾಗಿ ಐರಿಶ್ ವಿಮೆನ್ಸ್ ಫ್ರಾಂಚೈಸ್ ಲೀಗ್ ಕಟ್ಟಿದವರಲ್ಲಿ ಒಬ್ಬರು. 1915ರಲ್ಲಿ ಭಾರತಕ್ಕೆ ಬಂದರು. 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಲ್ಲಲು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ ಒತ್ತಾಸೆ ಕೊಟ್ಟವರು ಅವರೇ.

ಕಡಲತಡಿ_ಕಾಮ್ರೇಡ್

ಕಮಲಾದೇವಿಯವರು ಕೂದಲೆಳೆಯಲ್ಲಿ ಸೋತರು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅದರ ಹಿಂದೆ ಒಬ್ಬ ಐರಿಶ್ ಹೆಣ್ಣುಮಗಳು ಇದ್ದದ್ದು ನನಗೆ ಇವತ್ತೇ ತಿಳಿದದ್ದು. ಧನ್ಯವಾದ ಮೇಷ್ಟ್ರೇ.

ಲ್ಯಾಗನ್ ದಂಡೆಯವರೇ, ಹದಿನಾರು ವರ್ಷದ ಲೆಕ್ಕ ನಾನು ಒಪ್ಪಿದೆ. ಆರು ದಿನವನ್ನು ನಾನೇ ದೊಡ್ಡದು ಮಾಡಿ ನೋಡಿದೆ. ಆದರೂ ಕೇಳುತ್ತೇನೆ, ಆ ಇನ್ನೊಂದು ಕಡೆಯ ಮನೆಗಳ ಬಾಗಿಲು ಅವರಿಗೆ ಕೊನೆಗೂ ತೆರೆಯಿತೇ?

ಲ್ಯಾಗನ್_ದಂಡೆ

ಒಂದು ಬಾಗಿಲು ತೆರೆಯಿತು ಸರ್.

ಐರ್ಲೆಂಡ್ ಎರಡು ಭಾಗವಾದ ಮೇಲೆ, 1922ರಲ್ಲಿ, ಹೊಸ ಉತ್ತರ ಐರ್ಲೆಂಡ್ ಸರ್ಕಾರದ ಪೊಲೀಸರು ಅವರ ಮನೆ ಜಾಲಾಡಿ ಹಿಡಿದು ಆರ್ಮಾ ಜೈಲಿಗೆ ಹಾಕಿದರು. ಬಿಟ್ಟಮೇಲೆ ನಾರ್ದರ್ನ್ ಐರ್ಲೆಂಡ್ ಲೇಬರ್ ಪಾರ್ಟಿ ಸೇರಿದರು. ಅಲ್ಲಿ ಜಾರ್ಜ್ ಮೆಕ್‌ಬ್ರೈಡ್ ಸಿಕ್ಕರು. ಬೆಲ್‌ಫಾಸ್ಟ್‌ನ ಶಾಂಕಿಲ್ ಪ್ರದೇಶದ ಪ್ರೊಟೆಸ್ಟಂಟ್. ಹುಡುಗನಾಗಿದ್ದಾಗ ಅಲ್ಸ್ಟರ್ ವಾಲಂಟಿಯರ್ ಫೋರ್ಸ್ ಸೇರಿದ್ದವರು, ಅಂದರೆ ಐರಿಶ್ ಸ್ವಯಮಾಡಳಿತವನ್ನು ಬಂದೂಕಿನಿಂದ ತಡೆಯಲು ಕಟ್ಟಿದ ಪಡೆ. ಆಮೇಲೆ ಬ್ರಿಟಿಷ್ ಸೈನ್ಯದ 36ನೇ ಅಲ್ಸ್ಟರ್ ಡಿವಿಶನ್. ಕಾರ್ನಿ ಏಲ್ಸ್‌ಬರಿಗೆ ಹೋಗುವ ಕಾಲಕ್ಕೆ ಜಾರ್ಜ್ ಸೊಮ್ ಯುದ್ಧದಲ್ಲಿದ್ದರು. 1916ರ ಜುಲೈ 1 ಮತ್ತು 2, ಎರಡೇ ದಿನದಲ್ಲಿ ಆ ಡಿವಿಶನ್ನಿನ ಸುಮಾರು 5,500 ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಯುದ್ಧದಿಂದ ಮರಳಿದ ಜಾರ್ಜ್ ಸಮಾಜವಾದಿಯಾಗಿದ್ದರು.

1928ರಲ್ಲಿ ಇಬ್ಬರೂ ಮದುವೆಯಾದರು. ಬೆಲ್‌ಫಾಸ್ಟ್‌ನಲ್ಲಲ್ಲ, ಸಮುದ್ರ ದಾಟಿ ವೇಲ್ಸ್‌ನ ಹೋಲಿಹೆಡ್‌ನಲ್ಲಿ. ಆಕೆಗೆ 40, ಆತನಿಗೆ 30. ಎರಡೂ ಕಡೆಯವರಿಗೆ ಇಷ್ಟವಾಗಲಿಲ್ಲ. ಈಸ್ಟರ್ ದಂಗೆ ಸರಿಯೋ ತಪ್ಪೋ ಎಂಬ ವಿಷಯದಲ್ಲಿ ಗಂಡಹೆಂಡಿರಿಗೇ ಕೊನೆವರೆಗೂ ಒಮ್ಮತ ಬರಲಿಲ್ಲ. ಆದರೆ ಇಬ್ಬರೂ ಒಂದೇ ಸಮಾಜವಾದಿ ಸಭೆಗಳಿಗೆ ಹೋಗುತ್ತಿದ್ದರು.

ನನ್ನ ವಾರ್ಡಿನಲ್ಲಿ ಎರಡೂ ಕಡೆಯ ಮುದುಕರು ಅಕ್ಕಪಕ್ಕದ ಮಂಚದಲ್ಲಿ ಮಲಗಿರುತ್ತಾರೆ. ಹೆಸರು ಕೇಳಿದ ಕೂಡಲೇ ಇವರು ಯಾವ ಬೀದಿಯವರು, ಯಾವ ಶಾಲೆಯವರು ಅಂತ ಒಬ್ಬರಿಗೊಬ್ಬರು ಅಂದಾಜು ಮಾಡುತ್ತಾರೆ. ಇಂದಿಗೂ. 1928ರಲ್ಲಿ ಹೇಗಿದ್ದಿರಬಹುದು ನೀವೇ ಯೋಚಿಸಿ.

ಆರೋಗ್ಯ ಕೆಟ್ಟು, 1943ರ ನವೆಂಬರ್ 21ರಂದು ಕಾರ್ನಿ ತೀರಿಕೊಂಡರು. 55 ವರ್ಷ. ಮಿಲ್‌ಟೌನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅಲ್ಲಿ ಬಹುಕಾಲ ಒಂದು ಕಲ್ಲೂ ಇರಲಿಲ್ಲ. ಬೆಲ್‌ಫಾಸ್ಟ್‌ನ ನ್ಯಾಷನಲ್ ಗ್ರೇವ್ಸ್ ಅಸೋಸಿಯೇಶನ್ ಕಲ್ಲು ನಿಲ್ಲಿಸಿದ್ದು 1985ರಲ್ಲಿ, ಅಂದರೆ 42 ವರ್ಷದ ಮೇಲೆ.

ಓದುಗಿ_ತುಮಕೂರು

ಡಬ್ಲಿನ್‌ನಲ್ಲೂ ಇಂಥವರು ಇದ್ದರಾ ಅಕ್ಕ? ಪ್ರಬಂಧಕ್ಕೆ ಬರೆಯಬೇಕು ಅನ್ನಿಸುತ್ತಿದೆ.

ಮೈಸೂರು_ಮೇಷ್ಟ್ರು

ಬಹಳ ಜನ ಇದ್ದಾರಮ್ಮ. ರೋಸಿ ಹ್ಯಾಕೆಟ್ ಅವರಿಂದ ಶುರುಮಾಡು. ಜೇಕಬ್ಸ್ ಬಿಸ್ಕತ್ತು ಕಾರ್ಖಾನೆಯ ಹುಡುಗಿ. 1911ರಲ್ಲಿ ಅಲ್ಲಿನ ಸುಮಾರು 3,000 ಹೆಂಗಸರನ್ನು ಹೊರಗೆ ತಂದವರಲ್ಲಿ ಒಬ್ಬರು. 1913ರ ಬೀಗಮುದ್ರೆಯಲ್ಲಿ ಕೆಲಸ ಕಳೆದುಕೊಂಡರು. ಈಗ ಡಬ್ಲಿನ್‌ನ ಲಿಫಿ ನದಿ ಮೇಲೆ ಅವರ ಹೆಸರಿನ ಸೇತುವೆ ಇದೆ, 2014ರಲ್ಲಿ ತೆರೆದದ್ದು. ಹೆಲೆನಾ ಮೊಲೊನಿ, ಲೂಯಿ ಬೆನೆಟ್ ಕೂಡ ನೋಡು. ಅವರಿಬ್ಬರೂ ದುಡಿದ ಐರಿಶ್ ವಿಮೆನ್ ವರ್ಕರ್ಸ್ ಯೂನಿಯನ್ 1945ರಲ್ಲಿ ಲಾಂಡ್ರಿ ಹೆಂಗಸರ ಮುಷ್ಕರ ನಡೆಸಿ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಗೆದ್ದುಕೊಂಡಿತು. ಮೇರಿ ಗಾಲ್ವೇ ಅವರನ್ನು ಬಿಡಬೇಡ.

ಲ್ಯಾಗನ್_ದಂಡೆ

ಎಲ್ಲರಿಗೂ ಋಣಿ. ಲೇಖನ ತಿದ್ದಿ ಬರೆದೆ. ಪೋಸ್ಟ್ ಆಫೀಸಿನ ಭಾಗವನ್ನು ಅರ್ಧಕ್ಕೆ ಇಳಿಸಿ, ಗಿರಣಿ ಮತ್ತು ಯಾರ್ಕ್ ಸ್ಟ್ರೀಟಿನ ಭಾಗವನ್ನು ಮುಂದಕ್ಕೆ ತಂದೆ. ಪೆನ್ನಿಯ ಲೆಕ್ಕ ಉಳಿಸಿಕೊಂಡಿದ್ದೇನೆ. ಮೊದಲ ವಾಕ್ಯ ಈಗ ಹೀಗಿದೆ:

"ವಿನಿಫ್ರೆಡ್ ಕಾರ್ನಿ (1887–1943) ಬೆಲ್‌ಫಾಸ್ಟ್‌ನ ಗಿರಣಿ ಹುಡುಗಿಯರ ಸಂಘದ ಕಾರ್ಯದರ್ಶಿಯಾಗಿದ್ದರು."

ಕಾನಲಿ ಮೂರನೆಯ ವಾಕ್ಯದಲ್ಲಿ ಬರುತ್ತಾರೆ.

ಹಳೇ_ಸ್ಟೆನೋ

ಚೊಲೋ ಆತು ತಂಗಿ. ಸಂಪಾದಕರು ಅದನ್ನ "ಕಾರ್ಯದರ್ಶಿನಿ" ಅಂತ ತಿದ್ದಾಕ ಬಂದ್ರ ಬಿಡಬ್ಯಾಡ. ಪ್ರೂಫ್ ನಂಗೂ ಕಳಸು, ನಾ ಒಂದು ಸಲ ಕೂಡಿಸಿ ಓದತೀನಿ.